ಓದುಗರ ಪ್ರಶ್ನೆ, ನಮ್ಮ ಉತ್ತರ: ಕಚ್ಛದ ವಾಸುಕಿ, ಹಳ್ಳೂರಿನ ಕೊರಲೆ

ಪ್ರಶ್ನೆ: ಕಚ್ಛದಲ್ಲಿ ಸಾರಿಗೆ ಬಸ್ಸಿನಷ್ಟು ಉದ್ದದ ಹಾವಿನ ಪಳೆಯುಳಿಕೆ ಸಿಕ್ಕಿದೆ ಎಂದು ಓದಿದೆ. ತಲೆಬುರುಡೆಯೇ ಸಿಗದಿದ್ದಾಗ ಅದು ಹಾವೆಂದೂ ಅಷ್ಟು ಉದ್ದವಿತ್ತೆಂದೂ ಹೇಗೆ ಹೇಳುತ್ತಾರೆ?
(ಓದುಗರೊಬ್ಬರು, ನವನಗರ, ಹುಬ್ಬಳ್ಳಿ)

ಉತ್ತರ: ಆ ಎಲುಬುಗಳು ಕಚ್ಛದ ಪಾನಂಧ್ರೊ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಸಿಕ್ಕಿದ್ದು 2005ರಲ್ಲಿ. ಮೊಸಳೆಯವಿರಬೇಕೆಂದು ತಿಳಿದು ಅವನ್ನು ತೆಗೆದಿಡಲಾಗಿತ್ತು. ರೂರ್ಕಿ ಐಐಟಿಯ ಸುನಿಲ್ ಬಾಜಪೇಯಿ ಮತ್ತು ದೇಬಜಿತ್ ದತ್ತಾ ವರ್ಷಗಳ ನಂತರ ಅವನ್ನು ಮತ್ತೆ ಕೈಗೆತ್ತಿಕೊಂಡು ಪರಿಶೀಲಿಸಿದಾಗ ಅದು ಯಾರೂ ಅರಿಯದ ಹಾವೆಂದು ತಿಳಿಯಿತು. 2024ರ ಏಪ್ರಿಲ್‌ನಲ್ಲಿ ಅದಕ್ಕೆ ‘ವಾಸುಕಿ ಇಂಡಿಕಸ್’ ಎಂದು ಹೆಸರಿಟ್ಟರು. ಅದು ಬದುಕಿದ್ದುದು ಸುಮಾರು 4.7 ಕೋಟಿ ವರ್ಷಗಳ ಹಿಂದೆ.

ಸಿಕ್ಕಿದ್ದು 27 ಬೆನ್ನುಮೂಳೆಯ ಮಣಿಗಳು ಮಾತ್ರ. ಆದರೆ ಹಾವಿನ ಮಟ್ಟಿಗೆ ಬೆನ್ನುಮಣಿಯೇ ಅದರ ಗುರುತಿನ ಚೀಟಿ. ಧಾರವಾಡದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾವಿನ ಅಸ್ಥಿಪಂಜರವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಬಹಳ ಹೊತ್ತು ನೋಡಿದ್ದೇನೆ. ಪ್ರತಿ ಮಣಿಯ ಮುಂಭಾಗದಲ್ಲಿ ಒಂದು ಕುಳಿ, ಹಿಂಭಾಗದಲ್ಲಿ ಒಂದು ಗುಂಡು. ಒಂದರ ಗುಂಡು ಇನ್ನೊಂದರ ಕುಳಿಯಲ್ಲಿ ಕೂರುತ್ತದೆ. ಇಂಥ ಜೋಡಣೆ ಮೊಸಳೆಯಲ್ಲಿಯೂ ಉಂಟು. ಹಾವಿನಲ್ಲಿ ಇದರ ಜೊತೆಗೆ ಮಣಿಯ ಮೇಲ್ಭಾಗದಲ್ಲಿ ಬೆಣೆಯಂತಹ ಒಂದು ಚಾಚು ಇದ್ದು, ಅದು ಮುಂದಿನ ಮಣಿಯ ಗೂಡಿನೊಳಗೆ ಸೇರಿಕೊಳ್ಳುತ್ತದೆ. ದೇಹ ಎಷ್ಟು ಬಳುಕಿದರೂ ಬೆನ್ನು ತಿರುಚಿಕೊಳ್ಳದಿರುವುದು ಈ ಬೆಣೆಯಿಂದ. ಮೊಸಳೆಯ ಮಣಿಯಲ್ಲಿ ಈ ಬೆಣೆ ಇರುವುದಿಲ್ಲ.

ಇನ್ನು ಉದ್ದದ ಲೆಕ್ಕ. ಈಗ ಬದುಕಿರುವ ಹಾವುಗಳಲ್ಲಿ ಮಣಿಯ ಅಗಲಕ್ಕೂ ದೇಹದ ಉದ್ದಕ್ಕೂ ಇರುವ ಸಂಬಂಧವನ್ನು ಅಳೆದಿಟ್ಟಿದ್ದಾರೆ. ವಾಸುಕಿಯ ಅತಿ ದೊಡ್ಡ ಮಣಿ 11 ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲವಿದೆ, ಎಂದರೆ ದೊಡ್ಡವರ ಅಂಗೈ ತುಂಬುವಷ್ಟು. ಒಂದು ಲೆಕ್ಕಾಚಾರದಂತೆ ಹಾವಿನ ಉದ್ದ 10.9ರಿಂದ 12.2 ಮೀಟರ್, ಇನ್ನೊಂದರಂತೆ 14.5ರಿಂದ 15.2 ಮೀಟರ್. ಪತ್ರಿಕೆಗಳು ಹೆಚ್ಚಾಗಿ 15 ಎಂಬ ಸಂಖ್ಯೆಯನ್ನಷ್ಟೇ ಮುಂದೆ ಮಾಡಿದವು, ಅದು ಸರಿಯಲ್ಲ. ಚಿಕ್ಕ ಲೆಕ್ಕವೇ ನಿಜವಾದರೆ, ಸುಮಾರು 13 ಮೀಟರ್ ಇತ್ತೆನ್ನಲಾದ ಕೊಲಂಬಿಯಾದ ಟೈಟಾನೊಬೋವಾ ಎಂಬ ಹಾವೇ ಇದಕ್ಕಿಂತ ಉದ್ದ.

ಪ್ರಶ್ನೆ: ನಮ್ಮ ಜಿಲ್ಲೆಯ ಹಳ್ಳೂರಿನಲ್ಲಿ ಸಾವಿರಾರು ವರ್ಷಗಳ ಹಿಂದಿನ ಜನರ ಊಟವೇನೆಂಬುದು ಗೊತ್ತಾಗಿದೆಯಂತೆ. ಅನ್ನ ಅಷ್ಟು ಕಾಲ ಉಳಿಯುವುದುಂಟೆ?
(ಶಿಕ್ಷಕಿಯೊಬ್ಬರು, ಹಾವೇರಿ)

ಉತ್ತರ: ಅನ್ನ ಉಳಿಯುವುದಿಲ್ಲ, ಆದರೆ ಒಲೆಯಲ್ಲಿ ಕರಕಲಾದ ಕಾಳು ಉಳಿಯುತ್ತದೆ, ಏಕೆಂದರೆ ಇದ್ದಿಲಾದ ಕಾಳನ್ನು ಹುಳುವೂ ತಿನ್ನದು, ಅದು ಕೊಳೆಯುವುದೂ ಇಲ್ಲ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಕಾಳಿನ ಕಥೆ ವಿವರವಾಗಿ ತೆರೆದುಕೊಂಡದ್ದು ಅದಾಗಿ ದಶಕಗಳ ಮೇಲೆ. ಡೋರಿಯನ್ ಫುಲ್ಲರ್, ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಹಳ್ಳೂರೂ ಸೇರಿದಂತೆ ದಕ್ಷಿಣದ ಹಲವು ನವಶಿಲಾಯುಗದ (ನಯಗೊಳಿಸಿದ ಕಲ್ಲಿನ ಉಪಕರಣ ಬಳಸುತ್ತಿದ್ದ ಕಾಲದ) ನೆಲೆಗಳ ಮಣ್ಣನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು.

ಅವರ ವಿಧಾನವನ್ನು ನೀವು ದಿನವೂ ಅಡುಗೆಮನೆಯಲ್ಲಿ ಮಾಡುತ್ತೀರಿ. ಕಾಳು ತೊಳೆಯುವಾಗ ಜೊಳ್ಳು ಮೇಲೆ ಬರುವ ಹಾಗೆ, ಅಗೆದ ಮಣ್ಣನ್ನು ಬಕೆಟ್ಟಿನ ನೀರಿಗೆ ಸುರಿದು ಕದಡಿದರೆ ಹಗುರಾದ ಕರಕಲು ಕಾಳು ತೇಲುತ್ತದೆ. ಆ ನೀರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಾಳಿನ ಆಕಾರವನ್ನೂ ಸಿಪ್ಪೆಯ ಮೇಲಿನ ಗೆರೆಗಳನ್ನೂ ಒಂದೊಂದಾಗಿ ನೋಡುತ್ತಾರೆ. ಹೀಗೆ ತಿಳಿದುಬಂದ ಮುಖ್ಯ ಬೆಳೆಗಳೆಂದರೆ ಕೊರಲೆ, ನವಣೆಯ ಬಳಗದ ಒಂದು ಹುಲ್ಲಿನ ಕಾಳು, ಹುರಳಿ ಮತ್ತು ಹೆಸರು. ಇಂದು ನಮ್ಮ ತಾಟಿನಲ್ಲಿ ನಿತ್ಯ ಇರುವ ಜೋಳ ಆ ಜನರ ಮುಖ್ಯ ಧಾನ್ಯವಾಗಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿಯ ಮೂಲ ಬೀಜವಂತೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು. ಸಿರಿಧಾನ್ಯದ ಅಂಗಡಿಯಲ್ಲಿ ಹೊಸ ಪದಾರ್ಥವೆಂಬಂತೆ ಮಾರುವ ಕೊರಲೆಯೇ ನಮ್ಮ ನೆಲದ ಹಳೆಯ ಅನ್ನ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಪ್ರಶ್ನೆ: ರಂಟೆ ಹೊಡೆಯುವಾಗ ಎರೆ ಹೊಲದಲ್ಲಿ ಮಣ್ಣು ತುಂಬಿದ ಹಳೆಯ ಗಡಿಗೆಯೊಂದು ಸಿಕ್ಕಿದೆ. ತೊಳೆದು ಮನೆಯಲ್ಲಿ ಇಟ್ಟುಕೊಳ್ಳಬಹುದೆ?
(ರೈತರೊಬ್ಬರು, ರೋಣ ತಾಲ್ಲೂಕು)

ಉತ್ತರ: ದಯವಿಟ್ಟು ತೊಳೆಯಬೇಡಿ. ಗಡಿಗೆಗಿಂತ ಅದರೊಳಗಿನ ಮಣ್ಣೇ ಬೆಲೆಯುಳ್ಳದ್ದಾಗಿರಬಹುದು. ಮೇಲೆ ಹೇಳಿದ ಕರಕಲು ಕಾಳು ಇರುವುದು ಇಂಥ ಮಣ್ಣಿನಲ್ಲಿಯೇ. ಸಿಕ್ಕ ಜಾಗಕ್ಕೆ ಗೂಟ ನೆಟ್ಟು, ಎಷ್ಟು ಆಳದಲ್ಲಿತ್ತೆಂದು ಬರೆದಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದು ತಹಶೀಲ್ದಾರರ ಕಚೇರಿಗೂ ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ಬಂಗಾರ ಅಥವಾ ನಾಣ್ಯ ಇದ್ದರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು ಕಡ್ಡಾಯ. ಅಧಿಕಾರಿಗಳು ಬರುವವರೆಗೆ ಗಡಿಗೆಯ ಬಾಯಿಗೆ ಒಣ ಅರಿವೆ ಕಟ್ಟಿ, ಮಳೆ ಬೀಳದ ಕಡೆ, ಸಿಕ್ಕ ಹಾಗೆಯೇ ನೆಟ್ಟಗೆ ಇಡಿ.