ಮುಖದ ಒಂದು ಬದಿ ಸ್ವಾಧೀನ ತಪ್ಪಿದವರು ತಮ್ಮಂಥವರನ್ನೇ ಭೇಟಿಯಾದರೆ ಉಪಯೋಗ ಇದೆಯಾ?

ಬೆಲ್ಸ್ ಪಾಲ್ಸಿ (ಮುಖದ ನರಕ್ಕೆ ತೊಂದರೆಯಾಗಿ ಒಂದು ಬದಿ ಸ್ವಾಧೀನ ತಪ್ಪುವುದು) ಆಗಿ ನಾಲ್ಕು ತಿಂಗಳಾಯ್ತು, ಊಟ ಮಾಡುವಾಗ ಎಡಗಣ್ಣು ತಾನಾಗೇ ಮುಚ್ಚುತ್ತೆ, ಮನೆಯವರು "ಏನೂ ಕಾಣ್ಸಲ್ಲ ಬಿಡು" ಅಂತಾರೆ, ಸೋಮವಾರಪೇಟೆ ಸಂತೆಗೂ ಹೋಗ್ತಿಲ್ಲ ಅಂತ ಬರೆದಿದ್ದೀರಿ. ಖಂಡಿತ ಭೇಟಿಯಾಗಿ. ನನಗೆ ಅದರಿಂದ ತುಂಬಾ ಉಪಕಾರ ಆಗಿದೆ.

ನಾನು ಗೋಣಿಕೊಪ್ಪದ ಹತ್ತಿರ ಒಂದು ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವ ಕೆಲಸ. ಕಾಫಿ ಕುಯ್ಲಿನ ಸಮಯದಲ್ಲೇ ಬಾಯಿ ಸೊಟ್ಟಗಾಯಿತು. ಬೆಳಿಗ್ಗೆ ಹಾಜರಿ ಕೂಗಬೇಕಲ್ವಾ? ತುಟಿ ಸೇರದಿದ್ದರೆ ಪ, ಬ, ಮ ಹೊರಡುವುದೇ ಇಲ್ಲ. ಪಾರ್ವತಿ, ಬೊಮ್ಮಿ, ಮಾದ, ಎಲ್ಲರ ಹೆಸರೂ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಎರಡನೇ ದಿನ ಹಾಜರಿ ಪುಸ್ತಕ ಬೇರೆಯವರ ಕೈಗೆ ಕೊಟ್ಟು ಮನೆಗೆ ಬಂದೆ. ಚಳಿಗಾಳಿ ಹೊಡೆದಿದೆ, ಎಣ್ಣೆ ತಿಕ್ಕು ಅಂದವರೇ ಜಾಸ್ತಿ. ಅವತ್ತೇ ಡಾಕ್ಟರ ಹತ್ತಿರ ಹೋಗಿದ್ದು ಒಳ್ಳೆಯದಾಯಿತು. ಇದಕ್ಕೆ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಹೊಸದಾಗಿ ಹೀಗಾದವರು ಯಾರಾದರೂ ಇದನ್ನು ಓದುತ್ತಿದ್ದರೆ ತಡ ಮಾಡಬೇಡಿ. ಪಾರ್ಶ್ವವಾಯು ಅಲ್ಲ ಅನ್ನುವುದನ್ನೂ ಡಾಕ್ಟರೇ ನೋಡಿ ಹೇಳಬೇಕು.

ನಮ್ಮ ಮನೆಯಲ್ಲೂ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ "ಏನೂ ಕಾಣ್ಸಲ್ಲ" ಅಂದಾಗ ಮಾತೇ ನಿಂತುಹೋಗುತ್ತಿತ್ತು. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತಲ್ಲ.

ಆಮೇಲೆ ಫಿಸಿಯೋಥೆರಪಿಯವರು ಒಬ್ಬರು ಅಣ್ಣನ ಪರಿಚಯ ಮಾಡಿಸಿದರು. ಆಟೋ ಓಡಿಸುತ್ತಾರೆ, ಅವರಿಗೆ ಹೀಗಾಗಿ ಮೂರು ವರ್ಷ ಆಗಿತ್ತು. ಹೋಟೆಲಿನಲ್ಲಿ ಕೂತೆವು. ಕಾಫಿ ಬಂತು, ನಾನು ಲೋಟ ಮುಟ್ಟಲಿಲ್ಲ. ಅವರು ತುಟಿಯ ಮೂಲೆಗೆ ಒಂದು ಬೆರಳು ಒತ್ತಿ ಹಿಡಿದು ಆರಾಮಾಗಿ ಕುಡಿದರು. ಒಂದು ಹನಿ ಸೋರಲಿಲ್ಲ. ನಾನೂ ಹಾಗೇ ಮಾಡಿದೆ. ಎರಡು ತಿಂಗಳಲ್ಲಿ ಹೊರಗೆ ಕುಡಿದ ಮೊದಲ ಕಾಫಿ ಅದು. ರಾತ್ರಿ ಕಣ್ಣಿಗೆ ಮುಲಾಮು ಹಾಕಿ, ಮೊದಲು ಕೆಳಗೆ ನೋಡಿ, ಆಮೇಲೆ ರೆಪ್ಪೆ ಎಳೆದು ಪೇಪರ್ ಟೇಪ್ ಅಂಟಿಸುವುದನ್ನೂ ಅವರೇ ತೋರಿಸಿಕೊಟ್ಟರು.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಮತ್ತೊಬ್ಬರಿಗೆ ಮೂರು ವಾರಕ್ಕೇ ವಾಸಿಯಾಯಿತು ಅಂತ ಕೇಳಿ ಕುಗ್ಗಬೇಡಿ. ಹೆಚ್ಚಿನವರಿಗೆ ಬೇಗ ಸರಿಹೋಗುತ್ತೆ, ನಮ್ಮಂಥ ಕೆಲವರಿಗೆ ನಿಧಾನ. ಅವರು ಮಾಡಿದ ಚಿಕಿತ್ಸೆಯನ್ನು ಕೇಳಿಕೊಂಡು ಮಾಡಲೂ ಬೇಡಿ. ತಿನ್ನುವಾಗ ಕಣ್ಣು ಮುಚ್ಚುವುದು ನರ ಮತ್ತೆ ಬೆಳೆಯುವಾಗ ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರಿದ್ದರಿಂದ. ಅಂಥವರು ಜೋರಾಗಿ ಕೆನ್ನೆ ಉಬ್ಬಿಸುವ ವ್ಯಾಯಾಮ ಮಾಡಿದರೆ ಇನ್ನೂ ಹೆಚ್ಚಾಗಬಹುದು. ಮುಖದ ವ್ಯಾಯಾಮ ಬಲ್ಲ ಫಿಸಿಯೋಥೆರಪಿಯವರು ಕನ್ನಡಿ ಮುಂದೆ ಕೂರಿಸಿ ನಿಧಾನವಾಗಿ ಕಲಿಸುತ್ತಾರೆ.

ನಿಮ್ಮ ಡಾಕ್ಟರನ್ನೇ ಕೇಳಿ ನೋಡಿ, ಇಂಥವರು ಇನ್ನೊಬ್ಬರು ಅವರಿಗೆ ಗೊತ್ತಿರುತ್ತಾರೆ. ಯಾರೂ ಸಿಗದಿದ್ದರೆ ನಾನಿದ್ದೇನೆ, ಮಡಿಕೇರಿಗೆ ಬರುತ್ತೇನೆ. ಮಾಸ್ಕ್ ಹಾಕಿಕೊಂಡೇ ಬನ್ನಿ, ಪರವಾಗಿಲ್ಲ. ಕಾಫಿ ಬಂದಾಗ ತೆಗೆದರಾಯಿತು.