ಮೊದಲು ಪಾಪುವಿನ ಕೈ ಬಿಡಿ

ತುಮಕೂರಿನ ಓದುಗರೊಬ್ಬರು ಬರೆದ ಉದ್ದನೆಯ ಪತ್ರ ಮುಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ. ಓದಿ ಮುಗಿಸುವಾಗ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ವಿಷಯ ಇಷ್ಟು. ಹೆಣ್ಣುಮಗುವಿಗೆ ಆರೂವರೆ ತಿಂಗಳು. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಏನೂ ಕೊಟ್ಟಿರಲಿಲ್ಲ. ಹೆರಿಗೆ ರಜೆ, ಅದರ ಜೊತೆ ಉಳಿಸಿಟ್ಟುಕೊಂಡಿದ್ದ ರಜೆ ಎಲ್ಲ ಸೇರಿ ಇನ್ನೆರಡು ವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪಾಪು ಒಂದು ಬಟ್ಟಲು ರಾಗಿ ಸರಿ ತಿನ್ನಲೇಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಪಾಪು ಉಗಿಯುತ್ತಾಳೆ. ಅತ್ತೆ "ಹಾಲಿನ ರುಚಿ ಹತ್ತಿಸಿ ಕೆಡಿಸಿಟ್ಟಿದ್ದೀಯ" ಅನ್ನುತ್ತಾರೆ. ನಾದಿನಿಯ ಮಗ ಐದು ತಿಂಗಳಿಗೇ ಬಟ್ಟಲು ಖಾಲಿ ಮಾಡುತ್ತಿದ್ದನಂತೆ. "ನನ್ನ ಹಾಲೇ ತಪ್ಪಾ ಮೇಡಂ? ಬಿಡಿಸಿಬಿಡಲಾ?" ಅಂತ ಕೇಳಿದ್ದಾರೆ.

ತಪ್ಪಲ್ಲ, ಬಿಡಿಸಬೇಡಿ. ಒಂದು ವರ್ಷದವರೆಗೆ ಹಾಲೇ ಮುಖ್ಯ, ಎರಡು ವರ್ಷದವರೆಗೂ ಅದರ ಮೇಲೆಯೂ ಕುಡಿಸಬಹುದು. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯಲ್ಲಿ, ಸುಮ್ಮನೆ ಸೇರಿಸಿದಂತಿರುವ ಒಂದು ಮಾತಿನ ಮೇಲೆ. "ಅತ್ತೆ ಕಾಲು ಚಾಚಿ ಪಾಪೂನ ಮಲಗಿಸ್ಕೊಂಡು ಒಳಲೇಲಿ ಹಾಕ್ತಾರೆ, ಇವರು ಮೊಬೈಲಲ್ಲಿ ಹಾಡು ತೋರಿಸ್ತಾರೆ, ನಾನು ಕೈ ಹಿಡ್ಕೊಂಡಿರ್ತೀನಿ. ಅತ್ತಾಗ ಬಾಯಿ ತೆರೀತಾಳಲ್ಲ, ಆಗ ಒಂದಿಷ್ಟು ಒಳಗೆ ಹೋಗುತ್ತೆ. ಮೊನ್ನೆ ನೆತ್ತಿಗೆ ಹತ್ತಿ ಮುಖ ಕೆಂಪಾಗಿತ್ತು, ಈಗ ಪರವಾಗಿಲ್ಲ."

ಪರವಾಗಿಲ್ಲ ಅಲ್ಲ ತಂಗಿ. ಮಲಗಿದ ಮಗು ಅಳುತ್ತಾ ಉಸಿರೆಳೆದುಕೊಳ್ಳುವ ಹೊತ್ತಿಗೆ ಸುರಿದದ್ದು ಹೊಟ್ಟೆಗೇ ಹೋಗಬೇಕೆಂದಿಲ್ಲ, ಶ್ವಾಸನಾಳಕ್ಕೂ ಇಳಿಯಬಹುದು. ಮೊನ್ನೆಯಿಂದ ಕೆಮ್ಮೋ ಗೊರಗೊರ ಸದ್ದೋ ಉಳಿದಿದ್ದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. ಇನ್ನು ಆ ಚಿತ್ರವನ್ನೇ ನೋಡಿ: ಏಳು ಕೆಜಿಯ ಒಂದು ಜೀವ, ಸುತ್ತ ಮೂವರು ದೊಡ್ಡವರು. ಒಬ್ಬರು ಸುರಿಯುವವರು, ಒಬ್ಬರು ಕಣ್ಣು ಕಟ್ಟುವವರು, ಒಬ್ಬರು ಕೈ ಕಟ್ಟುವವರು. 'ಬೇಡ' ಅನ್ನಲು ಅವಳಿಗೆ ಉಳಿದದ್ದು ನಾಲಿಗೆ ಒಂದೇ. ಅದರಿಂದ ಉಗಿದಿದ್ದಾಳೆ. ಜಾಣೆ.

ಉಗಿದದ್ದೆಲ್ಲ ಹಟವೂ ಅಲ್ಲ. ಇಷ್ಟು ದಿನ ಚೀಪುವುದಷ್ಟೇ ಗೊತ್ತಿದ್ದ ನಾಲಿಗೆ ತುತ್ತನ್ನು ಹಿಂದಕ್ಕೆ ಒಯ್ಯುವುದನ್ನು ಈಗ ಕಲಿಯುತ್ತಿದೆ. ಒಂದೇ ಪದಾರ್ಥವನ್ನು ಹತ್ತಾರು ಸಲ ಮುಂದಿಟ್ಟ ಮೇಲೆ ಒಪ್ಪುವ ಮಕ್ಕಳು ಬೇಕಾದಷ್ಟಿದ್ದಾರೆ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬಿಟ್ಟಿದ್ದಾರೆ ಅಂತ ನೀವೇ ಬರೆದಿದ್ದೀರಿ. ಆ ಡಬ್ಬಿಗೆ ಸಮನಾದದ್ದು ಅಂಗಡಿಯ ಟಿನ್ನಿನಲ್ಲಿ ಸಿಗುವುದಿಲ್ಲ ಅಂತ ನಾನು ಮೊದಲಿಂದಲೂ ಹೇಳಿಕೊಂಡು ಬಂದವಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಮೊಳಕೆ ಬಂದರೆ ಕಬ್ಬಿಣಾಂಶ ಮೈಗೆ ಹತ್ತುವುದೂ ಸುಲಭ. ಆ ಹಿಟ್ಟು ಬೇಯಿಸಿದಾಗ ಅಂಟಂಟಾಗಿ ಗಂಟಿಕ್ಕುವುದಿಲ್ಲವಾದ್ದರಿಂದ ಸ್ವಲ್ಪ ಹೆಚ್ಚೇ ಹಾಕಬಹುದು. ಇಷ್ಟೆಲ್ಲ ಮಾಡಿ ಕೊನೆಗೆ ಒಳಲೆಯ ಮೂತಿಯಿಂದ ಹರಿಯಲೆಂದು ನೀರು ಸುರಿದುಬಿಟ್ಟರೆ? ಪುಟ್ಟ ಹೊಟ್ಟೆ ನೀರಲ್ಲೇ ತುಂಬುತ್ತದೆ. ಚಮಚ ವಾರೆ ಮಾಡಿದರೂ ಸರಿ ತಟ್ಟನೆ ಜಾರಬಾರದು, ಅಷ್ಟು ಗಟ್ಟಿ ಇರಲಿ.

ಒಳಲೆಯನ್ನು ಅಟ್ಟಕ್ಕೆ ಎಸೆಯಿರಿ ಅನ್ನುತ್ತಿಲ್ಲ. ನೀವು ಕೆಲಸಕ್ಕೆ ಹೋದಾಗ ಹಿಂಡಿಟ್ಟ ಹಾಲು ಕುಡಿಸಲು ಅದು ಬಾಟಲಿಗಿಂತ ಎಷ್ಟೋ ವಾಸಿ: ತೊಳೆಯುವುದು ಸುಲಭ, ಮೊಲೆ ಚೀಪುವ ಅಭ್ಯಾಸವನ್ನೂ ಕೆಡಿಸುವುದಿಲ್ಲ. ಪಾಪುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ತುಟಿಗೆ ತಾಗಿಸಿ, ಅವಳೇ ಗುಟುಕರಿಸಲಿ. ಹಿಂಡಿದ ಹಾಲು ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇರುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ, ಆಫೀಸಿನಲ್ಲಿ ಬಾಯಿಬಿಟ್ಟು ಕೇಳಿ. ಎರಡು ವಾರದ ಗಡುವಿನ ಅರ್ಧ ಭಯ ಅಲ್ಲೇ ಕರಗುತ್ತದೆ.

ಅತ್ತೆಯ ಒಂದು ಮಾತಲ್ಲಿ ಹುರುಳಿದೆ: ಆರು ತಿಂಗಳಾದ ಮೇಲೆ ಹಾಲೊಂದೇ ಸಾಲದು. ಹೊಟ್ಟೆಯೊಳಗಿದ್ದಾಗ ನಿಮ್ಮಿಂದ ಪಡೆದ ಕಬ್ಬಿಣಾಂಶದ ಸಂಗ್ರಹ ಈ ವೇಳೆಗೆ ಕರಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ಕಮ್ಮಿ. ಹಾಗಾಗಿ ಸರಿಯೊಂದನ್ನೇ ಹಿಡಿದು ಕೂರಬೇಡಿ. ಮೆತ್ತಗೆ ಬೆಂದ ಅನ್ನ-ಬೇಳೆ, ಮೇಲೊಂದಿಷ್ಟು ತುಪ್ಪ, ಕಿವುಚಿದ ಗೆಣಸು, ಸೊಪ್ಪು, ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ. ಆಶಾ ಕಾರ್ಯಕರ್ತೆ ತರುವ ಐರನ್ ಸಿರಪ್ ಬಾಟಲಿಯನ್ನು ಕಪಾಟಿಗೆ ಸೇರಿಸಬೇಡಿ. ಉಪ್ಪು, ಬೆಲ್ಲ, ಸಕ್ಕರೆ ಒಂದು ವರ್ಷದವರೆಗೆ ಬೇಡ. ಜೇನುತುಪ್ಪವನ್ನಂತೂ ನೆಕ್ಕಿಸಲೂ ಬೇಡಿ, ಬೊಟುಲಿಸಂ ಅನ್ನುವ ಕೆಟ್ಟ ಕಾಯಿಲೆಯ ರೋಗಾಣು ಅದರಲ್ಲಿರಬಹುದು. ಶುರುವಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ ಸಾಕು. ಬಟ್ಟಲು ಖಾಲಿಯಾಗುವ ವಯಸ್ಸು ಇದಲ್ಲ. ನಾದಿನಿಯ ಮಗನ ವಿಷಯ ಅವರಿಗೇ ಇರಲಿ.

ಈಗ ಸಿಟ್ಟಿನ ವಿಷಯ. ಮೊಬೈಲ್ ಹಿಡಿದು ನಿಂತಿದ್ದಾರಲ್ಲ ನಿಮ್ಮ ಯಜಮಾನರು, ನನ್ನ ಸಿಟ್ಟೆಲ್ಲ ಅವರ ಮೇಲೆ. "ನೀವಿಬ್ಬರೂ ಮಾತಾಡ್ಕೊಳ್ಳಿ" ಅಂದರಂತೆ. ಮನೆಯ ಜಗಳದಲ್ಲಿ ಸುಮ್ಮನಿರುವ ಗಂಡಸನ್ನು ಒಳ್ಳೆಯವನು ಅನ್ನುವ ರೂಢಿ ನಮ್ಮಲ್ಲಿ ಹೋಗುವುದೇ ಇಲ್ಲ, ನಾನೂ ಬರೆಯುವುದನ್ನು ಬಿಡುವುದಿಲ್ಲ. ಅವರಿಗೊಂದು ಕೆಲಸ ಇದೆ. ತಾಯಿ ಕಾರ್ಡ್ ತೆಗೆದು, ತೂಕದ ನಕ್ಷೆ ಬಿಡಿಸಿ, ತಮ್ಮ ತಾಯಿಯ ಪಕ್ಕ ಕೂತು ತೋರಿಸಲಿ. ಹುಟ್ಟಿದಾಗ 2.8 ಕೆಜಿ ಇದ್ದ ಮಗು ಈಗ 7 ಕೆಜಿ. ಆ ತೂಕವನ್ನು ತಂದಿದ್ದು ಸೊಸೆಯ ಹಾಲು. ಈ ಮಾತು ನಿಮ್ಮ ಬಾಯಲ್ಲಿ ಬಂದರೆ ಜಗಳ, ಮಗನ ಬಾಯಲ್ಲಿ ಬಂದರೆ ಸುದ್ದಿ.

ನಿಮಗೆ ಒಂದೇ ಒಂದು ಕೆಲಸ: ಪಾಪುವಿನ ಕೈ ಬಿಡಿ. ಅವಳನ್ನು ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗಟ್ಟಿ ಸರಿಯ ಬಟ್ಟಲನ್ನು ಕೈಗೆಟಕುವಂತೆ ಇಡಿ. ಅವಳು ಅದ್ದಲಿ, ಚೆಲ್ಲಲಿ, ಚೀಪಲಿ. ಚಮಚ ಕಂಡು ಬಾಯಿ ತೆರೆದರೆ ಕೊಡಿ, ಮುಖ ತಿರುಗಿಸಿದರೆ ಆ ಹೊತ್ತಿನ ಊಟ ಮುಗಿಯಿತು. ನೆಲಕ್ಕೆ ಹಾಸಲು ಒಂದು ಹಳೇ ಪಂಚೆ ಬೇಕಾಗುತ್ತದೆ. ಯಜಮಾನರದ್ದೇ ಇರಲಿ, ಒಗೆಯುವವರೂ ಅವರೇ ಆಗಲಿ.