ಪ್ರತಿಕ್ರಿಯೆ: ಜ್ಯಾಂಗೊ ಸ್ಲಗ್‌ನಲ್ಲಿ ಕನ್ನಡದ ಗುಣಿತ ಮಾಯವಾಗುವುದಕ್ಕೆ

ಪೈಥಾನ್‌ನಲ್ಲಿ ಜಾಲತಾಣ ಕಟ್ಟುವ ಚೌಕಟ್ಟಾದ ಜ್ಯಾಂಗೊದಲ್ಲಿ ಶೀರ್ಷಿಕೆಯಿಂದ ಸ್ಲಗ್ (ಪುಟದ ವಿಳಾಸದಲ್ಲಿ ಬರುವ ಕಿರುಪಠ್ಯ) ಮಾಡಿದಾಗ, ಕನ್ನಡ, ಹಿಂದಿ, ಇಂಗ್ಲಿಷ್ ಶೀರ್ಷಿಕೆಗಳ ಪೈಕಿ ಇಂಗ್ಲಿಷ್ ಮಾತ್ರ ಸರಿಯಾಗಿದ್ದು, 'ಬೆಂಗಳೂರು' ಎಂಬುದು 'ಬಗಳರ' ಆಗುತ್ತಿದೆ ಎಂದಿದ್ದೀರಿ. ಕೋಡ್ ಕಾಣದಿದ್ದರೂ, ಸ್ಲಗ್ ತಯಾರಿಸುವ ಸ್ಲಗಿಫೈ ಫಂಕ್ಷನ್‌ಗೆ ಯೂನಿಕೋಡ್ (ಇಂಗ್ಲಿಷೇತರ ಲಿಪಿಗಳನ್ನೂ ಉಳಿಸುವ) ಅನುಮತಿ ಕೊಟ್ಟಿರುವುದು ಇದರಿಂದ ಬಹುತೇಕ ಖಚಿತ. ಕೊಡದಿದ್ದರೆ ಸ್ಲಗ್ ಖಾಲಿಯಾಗಿಯೇ ಬರುತ್ತಿತ್ತು. ಪೈಥಾನ್‌ನ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೌಲಭ್ಯ) ಸ್ವರಚಿಹ್ನೆ, ಅನುಸ್ವಾರ, ವಿರಾಮ (ಅರ್ಧಾಕ್ಷರದ ಚಿಹ್ನೆ) ಇವುಗಳನ್ನು ಪದದ ಭಾಗವೆಂದು ಎಣಿಸುವುದಿಲ್ಲವಾದ್ದರಿಂದ ಅವೆಲ್ಲ ಅಳಿಸಿಹೋಗುತ್ತವೆ.

ಮೊದಲು ಶೀರ್ಷಿಕೆಯನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಸಂಕೇತಗಳಲ್ಲಿ ಬರೆಯುವ ಯೂನಿಕೋಡ್ ರೂಪ) ತನ್ನಿ. ಬಳಿಕ 'ರೆಜೆಕ್ಸ್' ಎಂಬ ಪ್ರತ್ಯೇಕ ಪ್ಯಾಕೇಜ್ ಬಳಸಿ, ಯೂನಿಕೋಡ್‌ನ ಅಕ್ಷರ, ಸಂಯೋಜಕ ಚಿಹ್ನೆ, ಅಂಕಿ ಈ ಮೂರು ವರ್ಗಗಳನ್ನು ಉಳಿಸಿಕೊಂಡು ಉಳಿದುದಕ್ಕೆಲ್ಲ ಅಡ್ಡಗೆರೆ ಹಾಕಿ. ಆದರೆ 'ರಾಜ್‌ಕುಮಾರ್' ಎಂಬಲ್ಲಿ ಅಡಗಿರುವ, ಒತ್ತಕ್ಷರವಾಗದಂತೆ ತಡೆಯುವ ಕಾಣದ ಜ಼ೆಡ್‌ಡಬ್ಲ್ಯುಎನ್‌ಜೆ ಅಕ್ಷರವನ್ನು ಅದಕ್ಕೂ ಮುನ್ನವೇ ತೆಗೆಯಿರಿ, ಇಲ್ಲವಾದರೆ ಹೆಸರಿನ ನಡುವೆಯೇ ಅಡ್ಡಗೆರೆ ಬೀಳುತ್ತದೆ. ತೆಗೆದಾಗ 'ರಾಜ್ಕುಮಾರ್' ಎಂದು ಒತ್ತಕ್ಷರವಾಗುವುದು ಕಣ್ಣಿಗೆ ಹಿತವಲ್ಲ, ಆದರೂ ವಿಳಾಸದಲ್ಲಿ ಅದು ನಡೆಯುತ್ತದೆ.

ಸ್ಲಗ್ ಉಳಿಸಿಡುವ ಜ್ಯಾಂಗೊದ ಸ್ಲಗ್‌ಫೀಲ್ಡ್‌ನ ತಪಾಸಣೆಯೂ ಪೈಥಾನ್‌ನ ಅದೇ ಮೂಲ ರೆಜೆಕ್ಸ್ ನಂಬಿರುವುದರಿಂದ, ಸಾಮಾನ್ಯ ಪಠ್ಯಕ್ಕಿರುವ ಕ್ಯಾರ್‌ಫೀಲ್ಡ್ ಬಳಸಿ. ಯುಆರ್‌ಎಲ್ ಮಾದರಿಯಲ್ಲಿಯೂ ಸ್ಲಗ್ ಕನ್ವರ್ಟರ್ ಬದಲು ಸಾಮಾನ್ಯ ಪಠ್ಯವನ್ನು ಒಪ್ಪುವ ಸ್ಟ್ರಿಂಗ್ ಕನ್ವರ್ಟರ್ ಇರಲಿ.

ಲಿಂಕ್ ನಕಲಿಸಿದಾಗ ಪ್ರತಿ ಕನ್ನಡ ಸಂಕೇತವೂ ಶೇಕಡಾ ಚಿಹ್ನೆಗಳೊಡನೆ 9 ಅಕ್ಷರಗಳಾಗಿ, ಗುಣಿತದ ಚಿಹ್ನೆಗಳೂ ಸೇರಿ 8 ಸಂಕೇತಗಳಿರುವ 'ಬೆಂಗಳೂರು' ಒಂದೇ 72 ಅಕ್ಷರಗಳಷ್ಟು ಉದ್ದವಾಗಬಹುದು. ಹಾಗಾಗಿ ಸ್ಲಗ್ಗನ್ನು ನಾಲ್ಕೈದು ಪದಗಳಿಗೆ ಮಿತಗೊಳಿಸಿ, ಮುಂದೆ ಲೇಖನದ ಐಡಿ ಸೇರಿಸಿ, ಪುಟವನ್ನು ಐಡಿಯಿಂದಲೇ ಹುಡುಕಿ.